ಕೈಯೆಲ್ಲ ಹಿಟ್ಟು, ಮೈಯೆಲ್ಲ ಮಣ್ಣು: ಪುಟ್ಟ ಮಕ್ಕಳಿಗೆ ಮನೆಯಲ್ಲೇ ಗಲೀಜಾಟ

ಚಪಾತಿ ಹಿಟ್ಟು ಕಲಸುವಾಗ ಪಕ್ಕಕ್ಕೆ ಬಂದು "ನಂಗೂ ಒಂಚೂರು" ಅನ್ನದ ಮಗು ಎಲ್ಲಿದೆ ಹೇಳಿ? ಒಂದು ಉಂಡೆ ಕೊಟ್ಟರೆ ಹತ್ತು ನಿಮಿಷ ಸದ್ದೇ ಇಲ್ಲ. ಈ ಬರಹ ಆ ಉಂಡೆಯನ್ನೇ ಸ್ವಲ್ಪ ದೊಡ್ಡದು ಮಾಡುವ ಬಗ್ಗೆ. ಹಿಟ್ಟು, ಮಣ್ಣು, ನೊರೆ, ಲೋಳೆ, ಬಣ್ಣದ ನೀರು ಇವುಗಳಲ್ಲಿ ಮಗು ಕೈ ಅದ್ದಿ, ಹಿಸುಕಿ, ಸುರಿದು, ಮೆತ್ತಿಕೊಂಡು ಆಡುವ ಆಟಗಳು. ಪ್ಲೇ ಸ್ಕೂಲಿನವರು ಇದನ್ನು ಸೆನ್ಸರಿ ಪ್ಲೇ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಇದಕ್ಕೆ ಗಲೀಜಾಟ ಅಂತಲೇ ಹೆಸರು.

ಇಲ್ಲಿ ಹೇಳಿರುವುದು 3ರಿಂದ 6 ವರ್ಷದ ಮಕ್ಕಳಿಗೆ. ಅದಕ್ಕಿಂತ ಚಿಕ್ಕವರು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾರೆ, ಅವರ ಲೆಕ್ಕವೇ ಬೇರೆ.

ಇದರಿಂದ ಏನು ಬಂತು ಅಂತ ಮನೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಹಿಟ್ಟನ್ನು ಹಿಸುಕಿ, ಉರುಟಿ, ಚಿವುಟಿ ಆಡಿದ ಬೆರಳುಗಳಿಗೆ ಮುಂದೆ ಪೆನ್ಸಿಲ್ ಹಿಡಿಯುವ, ಅಂಗಿ ಗುಂಡಿ ಹಾಕಿಕೊಳ್ಳುವ, ಅನ್ನ ಕಲಸಿ ತುತ್ತು ಮಾಡಿಕೊಳ್ಳುವ ಬಲ ಬರುತ್ತದೆ. ಲೋಟದಿಂದ ಲೋಟಕ್ಕೆ ನೀರು ಸುರಿಯುತ್ತಾ ಯಾವುದು ತುಂಬಿತು, ಯಾವುದು ಚೆಲ್ಲಿತು, ಯಾವುದರಲ್ಲಿ ಜಾಸ್ತಿ ಹಿಡಿಯಿತು ಅಂತ ಮಗುವೇ ಕಂಡುಕೊಳ್ಳುತ್ತದೆ. ಜೊತೆಗೆ ಮಾತು. ನುಣುಪು, ತರಿತರಿ, ಜಿಗುಟು, ಪುಡಿಪುಡಿ, ಗಟ್ಟಿ, ತೆಳು ಇವೆಲ್ಲ ಕೈಗೆ ಹತ್ತಿದ ಮೇಲೆ ನಾಲಿಗೆಗೆ ಬರುವಂಥವು. ಪರದೇಶದಲ್ಲಿದ್ದು ಮಕ್ಕಳಿಗೆ ಕನ್ನಡ ಹೇಗೆ ಕಲಿಸೋದು ಅಂತ ಯೋಚಿಸುವವರಿಗೆ ಫ್ಲ್ಯಾಶ್ ಕಾರ್ಡಿಗಿಂತ ಒಂದು ಬೋಗುಣಿ ಹಿಟ್ಟು ಒಳ್ಳೆಯದು.

ಮಾರುಕಟ್ಟೆಯಲ್ಲಿ ಇದಕ್ಕೇ ಅಂತ ಕಿಟ್‌ಗಳು ಸಿಗುತ್ತವೆ. ನನ್ನ ಕೇಳಿದರೆ ಬೇಡ. ಅಡುಗೆಮನೆಯ ಡಬ್ಬಿಗಳಲ್ಲಿ ಇರುವುದೇ ಸಾಕು.

ಮೊದಲು ಗಡಿ ಹಾಕಿ

ಗಲೀಜಾಟ ನಡೆಯುತ್ತೋ ಇಲ್ಲ ಬೈಗುಳದಲ್ಲಿ ಮುಗಿಯುತ್ತೋ ಅನ್ನುವುದು ಸಾಮಾನಿನ ಮೇಲೆ ನಿಂತಿಲ್ಲ. ಗಲೀಜು ಎಲ್ಲಿಯವರೆಗೆ ಅನ್ನುವುದು ಮೊದಲೇ ತೀರ್ಮಾನವಾಗಿದೆಯಾ ಅನ್ನುವುದರ ಮೇಲೆ ನಿಂತಿದೆ. ಗಡಿ ಇಲ್ಲದಿದ್ದರೆ ನೀವು ಆಟದ ಉದ್ದಕ್ಕೂ "ಅಯ್ಯೋ ಅಲ್ಲಿ ಬೇಡ, ಇಲ್ಲಿ ಮುಟ್ಬೇಡ" ಅನ್ನುತ್ತಲೇ ಇರುತ್ತೀರಿ. ಮಗುವಿಗೂ ಬೇಜಾರು, ನಿಮಗೂ ತಲೆನೋವು.

ಜಾಗ ಯಾವುದು? ಒಣ ಆಟಕ್ಕೆ ಹಾಲ್ ಆದರೂ ಸರಿ. ಒದ್ದೆ ಆಟಕ್ಕೆ ಬಾಲ್ಕನಿ, ಪಾತ್ರೆ ತೊಳೆಯುವ ಯುಟಿಲಿಟಿ ಜಾಗ, ಅಥವಾ ಬಚ್ಚಲುಮನೆ. ಬಚ್ಚಲು ಎಲ್ಲಕ್ಕಿಂತ ಸುಲಭ, ಆಟ ಮುಗಿದ ಮೇಲೆ ಅಲ್ಲೇ ಸ್ನಾನ. ಆದರೆ ನೆಲ ಜಾರುತ್ತದೆ, ಆದ್ದರಿಂದ ಕೂತು ಆಡುವುದೇ ನಿಯಮ. ಫಿನೈಲು, ಆ್ಯಸಿಡ್, ಡಿಟರ್ಜೆಂಟ್ ಎಲ್ಲ ಮೊದಲೇ ಹೊರಗೆ ಇಡಿ.

ಹಾಸಲು ಹಳೆಯ ಫ್ಲೆಕ್ಸ್ ಬ್ಯಾನರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ. ನೀರು ಇಳಿಯಲ್ಲ, ಒದರಿದರೆ ಹಿಟ್ಟೆಲ್ಲ ಉದುರುತ್ತದೆ. ಪ್ರಿಂಟ್ ಆದ ಬದಿ ಕೆಳಗೆ ಮಾಡಿ, ಮೇಲೆ ಒಂದು ಹಳೆ ಪಂಚೆ ಅಥವಾ ಕಾಟನ್ ಸೀರೆ ಹಾಸಿ, ಆಗ ಕಾಲು ಜಾರುವುದಿಲ್ಲ. ಅದರ ನಡುವೆ ಅಗಲವಾದ ಪಾತ್ರೆ. ಒದ್ದೆ ಸಾಮಾನಿಗೆ ಸ್ಟೀಲ್ ಪರಾತ ಅಥವಾ ಬಟ್ಟೆ ನೆನೆಸುವ ಟಬ್, ಒಣ ಕಾಳಿಗೆ ಮೊರ. ಮಗುವಿಗೆ ಹೇಳಬೇಕಾದ ಮಾತು ಒಂದೇ: "ಪಂಚೆ ಮೇಲೆ ಏನು ಬೇಕಾದ್ರೂ ಮಾಡ್ಕೋ, ಪಂಚೆ ದಾಟಿ ಆಚೆ ಬೇಡ."

ಬಟ್ಟೆ ಅಂದರೆ ಹಳೇ ಬನಿಯನ್ನು, ಚಡ್ಡಿ. ಉದ್ದ ಕೂದಲಿದ್ದರೆ ಕಟ್ಟಿ. ಬಣ್ಣ ಇರುವ ದಿನ ಕೈಗೆ, ಉಗುರಿನ ಸುತ್ತ ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ. ಹೋಳಿ ಹಬ್ಬದ ದಿನ ಸವರಿಕೊಳ್ಳುತ್ತೇವಲ್ಲ, ಹಾಗೇ. ಪಕ್ಕದಲ್ಲಿ ಕೈ ತೊಳೆಯಲು ಅರ್ಧ ಮಗ್ ನೀರು, ಒಂದು ಒದ್ದೆ ಬಟ್ಟೆ. ನಿಮ್ಮ ಫೋನ್ ದೂರ ಇಡಿ. ಹಿಟ್ಟು ಮೆತ್ತಿದ ಕೈಯಲ್ಲಿ ಕಾಲ್ ತೆಗೆದುಕೊಳ್ಳಲು ಎದ್ದು ಹೋದ ಎರಡೇ ನಿಮಿಷದಲ್ಲಿ ಗಡಿ ಗಿಡಿ ಎಲ್ಲ ಮರೆತುಹೋಗುತ್ತದೆ.

ಹೊತ್ತು ಸ್ನಾನಕ್ಕೆ ಮುಂಚಿನದೇ ಸರಿ. ಹಸಿದ ಮಗು, ನಿದ್ದೆ ಬಂದ ಮಗು ಎರಡಕ್ಕೂ ಈ ಆಟ ಕೊಡಬೇಡಿ. ಹಸಿದಿದ್ದರೆ ತಿನ್ನುತ್ತದೆ, ನಿದ್ದೆ ಬಂದಿದ್ದರೆ ಎಸೆಯುತ್ತದೆ.

ಅಜ್ಜಿ ಹೇಳುವುದರಲ್ಲೂ ನ್ಯಾಯ ಇದೆ

"ಅನ್ನ ಕೊಡುವ ಅಕ್ಕಿಯಲ್ಲಿ ಆಟವೇ?" ಅಂತ ಹಿರಿಯರು ಮುಖ ಸಿಂಡರಿಸಿದರೆ ವಾದಕ್ಕೆ ಇಳಿಯಬೇಡಿ. ಕಾಳು ಚೆಲ್ಲಬಾರದು ಅಂತ ಬೆಳೆದವರು ಅವರು. ನಾನು ಇಟ್ಟುಕೊಂಡಿರುವ ಪದ್ಧತಿ ಹೀಗಿದೆ. ಆಟದ ಅಕ್ಕಿ ಅರ್ಧ ಕೆಜಿ, ಒಮ್ಮೆ ಬಣ್ಣ ಹಾಕಿ ಡಬ್ಬಿಗೆ ತುಂಬಿದರೆ ವರ್ಷಗಟ್ಟಲೆ ಅದೇ ಅಕ್ಕಿ. ಹಿಟ್ಟು ಒಂದೆರಡು ಕಪ್ಪಿಗಿಂತ ಜಾಸ್ತಿ ಇಲ್ಲ. ರಾಗಿ, ಗೋಧಿ ಜರಡಿ ಹಿಡಿದಾಗ ಮೇಲೆ ಉಳಿಯುವ ತೌಡು ಪಾಯಸಕ್ಕಾಗಲ್ಲ, ಆಟಕ್ಕೆ ಚೆನ್ನಾಗಿದೆ. ಮುಗ್ಗಲು ವಾಸನೆ ಬಂದ ಹಿಟ್ಟು ಮಾತ್ರ ಆಟಕ್ಕೂ ಬೇಡ, ಬೂಷ್ಟು ಮೂಗಿಗೆ ಹೋಗುತ್ತದೆ. ಬಣ್ಣ, ಉಪ್ಪು, ಸೋಪು ಬೀಳದ ನೀರು ಗಿಡಕ್ಕೆ. ಇಷ್ಟು ಕಂಡ ಮೇಲೆ ಅಜ್ಜಿಯೇ ಮೊರ ಹಿಡಿದು ಕೂತು ಕೇರುವುದು ಹೇಗೆ ಅಂತ ತೋರಿಸುತ್ತಾರೆ. ಅದಕ್ಕಿಂತ ಒಳ್ಳೆಯ ಆಟ ಯಾವ ಕಿಟ್‌ನಲ್ಲೂ ಇಲ್ಲ.

ಇವು ಬೇಡವೇ ಬೇಡ

ಈ ಭಾಗವನ್ನು ಹಾರಿಸಿ ಓದಬೇಡಿ.

ನೀರಲ್ಲಿ ಉಬ್ಬುವ ಬಣ್ಣಬಣ್ಣದ ಜೆಲ್ ಬಾಲ್‌ಗಳು ನೋಡಲು ಮುದ್ದಾಗಿರುತ್ತವೆ, ಮಕ್ಕಳ ವಿಡಿಯೋಗಳಲ್ಲಿ ಎಲ್ಲೆಡೆ ಕಾಣುತ್ತವೆ. ಸಾಸಿವೆಯಷ್ಟಿದ್ದು ನೀರು ಕುಡಿದು ಗೋಲಿಯಷ್ಟಾಗುತ್ತವೆ. ನುಂಗಿದರೆ ಕರುಳಿನೊಳಗೂ ಹಾಗೇ ಉಬ್ಬಿ ಅಡ್ಡ ಕೂರುತ್ತವೆ, ತೆಗೆಯಲು ಆಪರೇಷನ್ ಬೇಕಾಗಬಹುದು. ಅಮೆರಿಕದಲ್ಲಿ 2023ರ ಕೊನೆಗೆ ಅಮೆಜಾನ್, ವಾಲ್‌ಮಾರ್ಟ್, ಟಾರ್ಗೆಟ್‌ನಂಥ ದೊಡ್ಡ ಮಾರಾಟಗಾರರೇ ಇವನ್ನು ಮಕ್ಕಳ ಆಟಿಕೆ ಅಂತ ಮಾರುವುದನ್ನು ನಿಲ್ಲಿಸಿದರು. ಬದಲಿಗೆ ಸಬ್ಬಕ್ಕಿ ಇದೆ, ಮುಂದೆ ಹೇಳುತ್ತೇನೆ.

ಗುಲಗಂಜಿ, ಹರಳು, ಉಮ್ಮತ್ತಿ ಬೀಜ ಮನೆಯೊಳಗೇ ತರಬೇಡಿ. ಗುಲಗಂಜಿಯ ಕೆಂಪು ನೋಡಿ ಮಕ್ಕಳು ಆಸೆಪಡುತ್ತಾರೆ, ಆದರೆ ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಮಣ್ಣಿನ ಕೇಕ್ ಅಲಂಕಾರಕ್ಕೆ ಮಕ್ಕಳು ಕೀಳುವ ಹೂಗಳಲ್ಲಿ ಕಣಗಿಲೆ ಇರದಂತೆ ನೋಡಿಕೊಳ್ಳಿ. ಅದರ ಹೂವು, ಎಲೆ, ಹಾಲು ಎಲ್ಲ ವಿಷ.

ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ. ಹಿಡಿಹಿಡಿಯಾಗಿ ಎರಚಿ ಆಡಿದರೆ ಧೂಳು ಉಸಿರಿಗೆ ಹೋಗುತ್ತದೆ. ಹೆಸರು, ಲೇಬಲ್ ಇಲ್ಲದ ಬಣ್ಣದ ಪೊಟ್ಟಣವೂ ಬೇಡ. ಫುಡ್ ಕಲರ್ ಬೇಕಿದ್ದರೆ ಎಫ್‌ಎಸ್‌ಎಸ್‌ಎಐ ಗುರುತು ಇರುವುದನ್ನೇ ತನ್ನಿ.

ಕಡಲೆಕಾಳು, ಬಟಾಣಿ, ಅವರೆಕಾಳು ಮೂಗಿಗೆ, ಕಿವಿಗೆ ತುರುಕಿಕೊಳ್ಳುವುದು ಈ ವಯಸ್ಸಿನ ಹವ್ಯಾಸ. ಹಾಗಾದರೆ ಪಿನ್ನು, ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ಒಳಗಿನ ತೇವಕ್ಕೆ ಕಾಳು ಉಬ್ಬುತ್ತದೆ, ಆದ್ದರಿಂದ ನಾಳೆ ನೋಡೋಣ ಅನ್ನದೆ ಅವತ್ತೇ ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ.

ಕೊನೆಯದಾಗಿ ನೀರು. ಚಿಕ್ಕ ಮಕ್ಕಳು ಮುಳುಗಲು ಅರ್ಧ ಬಕೆಟ್ ನೀರೂ ಬೇಡ, ಮುಖ ಮುಳುಗುವಷ್ಟಿದ್ದರೆ ಆಯಿತು. ಬಾಗಿಲು ಬೆಲ್ ಆದರೆ ಮಗುವನ್ನು ಎತ್ತಿಕೊಂಡೇ ಹೋಗಿ. ಆಟ ಮುಗಿದ ತಕ್ಷಣ ಬಕೆಟ್, ಟಬ್ ಬರಿದು ಮಾಡಿ ಕವುಚಿ ಇಡಿ.

ಶುರುಮಾಡಲು: ಮೊರದಲ್ಲಿ ಬಣ್ಣದ ಅಕ್ಕಿ

ಮೊದಲ ದಿನ ಒಣ ಆಟವೇ ಇರಲಿ. ಒಂದು ಕಪ್ ಅಕ್ಕಿಯನ್ನು ಜಿಪ್ ಕವರ್‌ಗೆ ಹಾಕಿ, ಒಂದು ಚಮಚ ವಿನೆಗರ್, ಕಾಲು ಚಮಚ ಫುಡ್ ಕಲರ್ ಸೇರಿಸಿ ಕುಲುಕಿ. ಕುಲುಕುವ ಕೆಲಸ ಮಗುವಿಗೆ ಬಿಡಿ. ಪೇಪರ್ ಮೇಲೆ ಹರಡಿ ನೆರಳಲ್ಲಿ ಪೂರ್ತಿ ಒಣಗಿಸಿ. ವಿನೆಗರ್ ಹಾಕಿದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ವಾಸನೆ ಒಣಗುತ್ತಾ ಹೋಗಿಬಿಡುತ್ತದೆ.

ಮೊರಕ್ಕೆ ಸುರಿದು ಲೋಟ, ಸೌಟು, ಟೀ ಸೋಸುವ ಜರಡಿ, ಖಾಲಿ ಬಾಟಲಿ, ಒಂದು ಆಲಿಕೆ ಕೊಡಿ. ಅಷ್ಟೇ. ಹೆಚ್ಚು ಸಾಮಾನು ಕೊಟ್ಟರೆ ಮಗು ಸಾಮಾನು ಬದಲಾಯಿಸುವುದರಲ್ಲೇ ಹೊತ್ತು ಕಳೆಯುತ್ತದೆ. ಮೂರು ವರ್ಷದವರು ಸುಮ್ನೆ ಸುರಿಯುತ್ತಾರೆ. ಐದು ವರ್ಷದವರು ಅಂಗಡಿ ಇಡುತ್ತಾರೆ, ಅಳೆದು ಕೊಡುತ್ತಾರೆ, ದುಡ್ಡೂ ಕೇಳುತ್ತಾರೆ.

ಬೇಯಿಸಿದ ಆಟದ ಹಿಟ್ಟು

ಬರೀ ಮೈದಾಗೆ ನೀರು ಕಲಸಿದ ಹಿಟ್ಟು ಸಂಜೆಯೊಳಗೆ ಹುಳಿ ವಾಸನೆ ಹೊಡೆಯುತ್ತದೆ. ಬೇಯಿಸಿದ್ದು ಫ್ರಿಜ್‌ನಲ್ಲಿ ಎರಡು ಮೂರು ವಾರ ಇರುತ್ತದೆ. ಹಸಿ ಹಿಟ್ಟಿನಲ್ಲಿ ರೋಗಾಣು ಇರಬಹುದು, ಆದ್ದರಿಂದ ಬಾಯಿಗೆ ಕೈ ಹಾಕುವ ಮಕ್ಕಳಿಗೆ ಬೆಂದದ್ದೇ ಮೇಲು.

ಬೇಕಾಗುವುದು: ಮೈದಾ 1 ಕಪ್, ಪುಡಿ ಉಪ್ಪು ಅರ್ಧ ಕಪ್, ನೀರು 1 ಕಪ್, ಅಡುಗೆ ಎಣ್ಣೆ 1 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ, ಬಣ್ಣ.

1. ನೀರಿಗೆ ಉಪ್ಪು, ಎಣ್ಣೆ, ನಿಂಬೆರಸ, ಬಣ್ಣ ಹಾಕಿ ಕಲಕಿ. ಉಪ್ಪು ಆದಷ್ಟು ಕರಗಲಿ, ಕರಗದೆ ಉಳಿದಷ್ಟೂ ಹಿಟ್ಟು ತರಿತರಿ ಆಗುತ್ತದೆ.

2. ಮೈದಾ ಸೇರಿಸಿ ಗಂಟಿಲ್ಲದಂತೆ ಕಲಸಿ. ದೋಸೆ ಹಿಟ್ಟಿನ ಹದ ಇರಲಿ.

3. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿಟ್ಟು ಕೈ ಬಿಡದೆ ತಿರುಗಿಸಿ. ಮೊದಲು ಏನೂ ಆಗದ ಹಾಗೆ ಕಾಣುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತಳ ಬಿಟ್ಟು ಸೌಟಿಗೆ ಸುತ್ತಿಕೊಂಡು ಮುದ್ದೆಯಾಗುತ್ತದೆ. ಒದ್ದೆ ಹೊಳಪು ಹೋದ ಕೂಡಲೇ ಇಳಿಸಿ.

4. ತಟ್ಟೆಗೆ ಹಾಕಿ, ಕೈ ತಾಳುವಷ್ಟು ಆರಿದ ಮೇಲೆ ಚೆನ್ನಾಗಿ ನಾದಿ. ರಾಗಿಮುದ್ದೆ ತಿರುವಿ ಅಭ್ಯಾಸ ಇರುವವರಿಗೆ ಇದು ಲೆಕ್ಕಕ್ಕೇ ಇಲ್ಲ. ಅಂಟಿದರೆ ಒಂದು ಚಮಚ ಮೈದಾ, ಬಿರುಕು ಬಿಟ್ಟರೆ ನಾಲ್ಕು ಹನಿ ನೀರು.

ಬೆಚ್ಚಗಿರುವಾಗಲೇ ಮಗುವಿನ ಕೈಗೆ ಕೊಟ್ಟು ನೋಡಿ. ಮಳೆಗಾಲದ ಮಧ್ಯಾಹ್ನ ಬೆಚ್ಚನೆ ಹಿಟ್ಟು ಸಿಕ್ಕ ಮಗು ಏನನ್ನೂ ಮಾಡುವುದಿಲ್ಲ, ಸುಮ್ಮನೆ ಹಿಡಿದುಕೊಂಡು ಕೂರುತ್ತದೆ. ಆಮೇಲೆ ಲಟ್ಟಣಿಗೆ, ಚಕ್ಕುಲಿ ಒರಳು, ಬಾಟಲಿ ಮುಚ್ಚಳ, ಹಳೇ ಬಾಚಣಿಗೆ ಕೊಡಿ. ಚಕ್ಕುಲಿ ಒರಳು ಒತ್ತುವುದಕ್ಕೆ ಭುಜದಿಂದ ಬಲ ಬೇಕು, ದೊಡ್ಡ ಮಕ್ಕಳಿಗೆ ಅದರದೇ ಹುಚ್ಚು. ಪಕ್ಕದ ಮನೆಯಲ್ಲಿ ನಾಯಿ ಇದ್ದರೆ ಹಿಟ್ಟು ಅದಕ್ಕೆ ಸಿಗಬಾರದು. ಅಷ್ಟು ಉಪ್ಪು ನಾಯಿಗೂ ಆಗಲ್ಲ, ಮಗುವಿಗೂ ಆಗಲ್ಲ. ಕೈಯಲ್ಲಿ ಗಾಯ ಇದ್ದರೆ ಉರಿಯುತ್ತದೆ, ಅವತ್ತು ಬೇರೆ ಆಟ.

ಗಟ್ಟಿಯೋ ನೀರೋ ಗೊತ್ತಾಗದ ಹಿಟ್ಟು

ನನ್ನ ಮೆಚ್ಚಿನ ಆಟ ಇದು. ಬೇಕಾಗಿರುವುದು ಎರಡೇ: ಕಾರ್ನ್‌ಫ್ಲೋರ್ ಮತ್ತು ನೀರು. ಒಂದು ವಿಷಯ ಎಚ್ಚರ. ಪ್ಯಾಕೆಟ್‌ನಲ್ಲಿ ಬರುವ, ಗೋಬಿ ಮಂಚೂರಿಗೆ ಹಾಕುವ ಬಿಳಿ ಪುಡಿ ಬೇಕು. ಗಿರಣಿಯಲ್ಲಿ ಬೀಸಿಸಿದ ಹಳದಿ ಜೋಳದ ಹಿಟ್ಟಿನಿಂದ ಆಗಲ್ಲ.

ಎರಡು ಕಪ್ ಪುಡಿಯನ್ನು ಪರಾತಕ್ಕೆ ಹಾಕಿ. ಒಂದು ಕಪ್ ನೀರು ಅಳೆದಿಟ್ಟುಕೊಂಡು ಸ್ವಲ್ಪಸ್ವಲ್ಪವೇ ಸುರಿಯುತ್ತಾ ಬೆರಳಿನಿಂದ ನಿಧಾನಕ್ಕೆ ಕಲಸಿ. ಜೋರಾಗಿ ಕಲಸಲು ಹೋದರೆ ಅದು ಬಿಡುವುದೇ ಇಲ್ಲ, ಆಗಲೇ ಆಟ ಶುರು ಅಂತ ಲೆಕ್ಕ. ಮೇಲೆ ಬೆರಳಿನಿಂದ ತಟ್ಟಿದರೆ ಗಟ್ಟಿ ಅನಿಸಬೇಕು, ಬೆರಳನ್ನು ಸುಮ್ಮನೆ ಇಟ್ಟರೆ ಒಳಗೆ ಇಳಿಯಬೇಕು. ಅದೇ ಹದ. ಎಲ್ಲ ನೀರೂ ಬೇಕಾಗದೆ ಇರಬಹುದು. ಜಾಸ್ತಿಯಾಗಿ ತೆಳುವಾದರೆ ಇನ್ನೊಂದು ಚಮಚ ಪುಡಿ.

ಈಗ ಮಗುವಿಗೆ ಒಂದು ಹಿಡಿ ಎತ್ತಿಕೊಳ್ಳಲು ಹೇಳಿ. ಮುಷ್ಟಿ ಬಿಗಿ ಹಿಡಿದಿರುವಷ್ಟು ಹೊತ್ತು ಒಣ ಉಂಡೆ, ಮೇಲ್ಮೈ ಸಣ್ಣಗೆ ಬಿರುಕು ಬಿಟ್ಟಿರುತ್ತದೆ. ಮುಷ್ಟಿ ಸಡಿಲ ಮಾಡಿದ ಕೂಡಲೇ ಅದಕ್ಕೆ ಹೊಳಪು ಬರುತ್ತದೆ, ಬಿರುಕು ಮುಚ್ಚಿಕೊಳ್ಳುತ್ತದೆ, ಬೆರಳ ಸಂದಿಯಿಂದ ಉದ್ದ ಎಳೆಯಾಗಿ ಪರಾತಕ್ಕೆ ಇಳಿಯುತ್ತದೆ. ಇಳಿದ ಎಳೆ ಒಂದು ಕ್ಷಣ ಮೇಲೇ ನಿಂತು ಆಮೇಲೆ ಕರಗುತ್ತದೆ. ಮಕ್ಕಳು ಕೈ ನೋಡಿಕೊಳ್ಳುತ್ತಾರೆ, ನಮ್ಮ ಮುಖ ನೋಡುತ್ತಾರೆ, ಮತ್ತೆ ಹಿಡಿಯುತ್ತಾರೆ.

ಹೀಗ್ಯಾಕೆ? ಪಿಷ್ಟದ ಸಣ್ಣ ಸಣ್ಣ ಕಣಗಳು ನೀರಿನಲ್ಲಿ ಕರಗಿರುವುದಿಲ್ಲ, ಒತ್ತೊತ್ತಾಗಿ ತೇಲುತ್ತಿರುತ್ತವೆ. ನಿಧಾನಕ್ಕೆ ತಳ್ಳಿದರೆ ಒಂದಕ್ಕೊಂದು ದಾರಿ ಬಿಟ್ಟು ಜಾರುತ್ತವೆ. ದಿಢೀರ್ ಅಂತ ತಳ್ಳಿದರೆ ಜಾತ್ರೆಯ ಗಲ್ಲಿಯಲ್ಲಿ ಜನ ಸಿಕ್ಕಿಕೊಂಡ ಹಾಗೆ ಸಿಕ್ಕಿಕೊಂಡು ನಿಂತುಬಿಡುತ್ತವೆ. ನಾಲ್ಕು ವರ್ಷದವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ. ಕೇಳಿದರೆ ಹೇಳಿ.

ಆಟದ ಕಾರುಗಳು, ಪ್ಲಾಸ್ಟಿಕ್ ಆನೆ, ಹುಲಿ ಇದ್ದರೆ ಇದರಲ್ಲಿ ಮುಳುಗಿಸಿ. ಓಡಿದರೆ ಮೇಲೆ, ನಿಂತರೆ ಒಳಗೆ. ಇದರ ನೀರನ್ನು ಸಿಂಕಿಗೋ ಬಚ್ಚಲ ಮೋರಿಗೋ ಸುರಿಯುವ ಹಾಗಿಲ್ಲ, ಪೈಪಿನ ತಿರುವಿನಲ್ಲಿ ಕೂತು ಗಟ್ಟಿಯಾಗುತ್ತದೆ. ಪರಾತವನ್ನು ಹಾಗೇ ಬಿಸಿಲಿಗಿಡಿ. ಒಣಗಿದ ಮೇಲೆ ಚೂರುಚೂರಾಗಿ ಏಳುತ್ತದೆ, ಕಸದ ಬುಟ್ಟಿಗೆ ಹಾಕಿ.

ಲೋಳೆ ಆಟಗಳು

ಅಂಗಡಿಯ ಸ್ಲೈಮ್‌ಗೆ, ಬೋರಾಕ್ಸ್ ಹಾಕಿ ಮನೆಯಲ್ಲೇ ಮಾಡುವ ಸ್ಲೈಮ್‌ಗೆ ಈ ವಯಸ್ಸಿನಲ್ಲಿ ನಾನು ಬೇಡ ಅನ್ನುತ್ತೇನೆ. ನಮ್ಮಲ್ಲಿ ಲೋಳೆಗೆ ಬರವೇ?

ದಾಸವಾಳದ ಹತ್ತು ಹನ್ನೆರಡು ಎಲೆ ಕಿತ್ತು ತೊಳೆಯಿರಿ. ಮಗುವೇ ಹರಿದು ಒಂದು ಬಟ್ಟಲು ನೀರಲ್ಲಿ ಕಿವುಚಲಿ. ಸ್ವಲ್ಪ ಹೊತ್ತಿಗೆ ನೀರು ಹಸಿರು ಲೋಳೆಯಾಗಿ ಬೆರಳಿಗೆ ಎಳೆ ಎಳೆಯಾಗಿ ಹತ್ತುತ್ತದೆ. ಅಜ್ಜಿಯಂದಿರು ತಲೆಗೆ ಹಚ್ಚುತ್ತಿದ್ದದ್ದು ಇದೇ. ಆಟ ಮುಗಿದ ಮೇಲೆ ಗೊಂಬೆಗೆ ತಲೆಸ್ನಾನ ಮಾಡಿಸಬಹುದು, ಬೇಕಿದ್ದರೆ ಮಗುವಿಗೂ. ಗಿಡಕ್ಕೆ ಔಷಧಿ ಹೊಡೆದಿಲ್ಲ ಅಂತ ಮಾತ್ರ ಖಾತ್ರಿ ಮಾಡಿಕೊಳ್ಳಿ.

ಎರಡು ದೊಡ್ಡ ಚಮಚ ಕಾಮಕಸ್ತೂರಿ ಬೀಜವನ್ನು ಎರಡು ಕಪ್ ನೀರಿಗೆ ಹಾಕಿ ಕಾಲು ಗಂಟೆ ಬಿಡಿ. ಪ್ರತಿ ಬೀಜದ ಸುತ್ತ ಗಾಜಿನಂಥ ಲೋಳೆ ಕಟ್ಟಿಕೊಳ್ಳುತ್ತದೆ. ಹಿಡಿಯಲು ಹೋದರೆ ಜಾರುತ್ತದೆ.

ಸಬ್ಬಕ್ಕಿಯನ್ನು ಜಾಸ್ತಿ ನೀರಿನಲ್ಲಿ ಪಾರದರ್ಶಕ ಆಗುವವರೆಗೆ ಬೇಯಿಸಿ, ತಣ್ಣೀರಲ್ಲಿ ತೊಳೆದು, ಒಂದು ಹನಿ ಎಣ್ಣೆ ಸವರಿ. ಬೀಟ್‌ರೂಟ್ ರಸದಲ್ಲಿ ನೆನೆಸಿದರೆ ಗುಲಾಬಿ ಮುತ್ತು. ಜೆಲ್ ಬಾಲ್‌ಗೆ ಇದೇ ಬದಲಿ. ಒಂದೆರಡು ಬಾಯಿಗೆ ಹೋದರೂ ಚಿಂತೆ ಇಲ್ಲ. ಅವತ್ತಿನದು ಅವತ್ತಿಗೇ, ನಾಳೆಗೆ ಇಟ್ಟರೆ ನಾರುತ್ತದೆ.

ನೊರೆ

ಎರಡು ಚಮಚ ಬೇಬಿ ಶಾಂಪೂ, ಕಾಲು ಕಪ್ ನೀರು, ಒಂದು ಆಳವಾದ ಪಾತ್ರೆ, ಒಂದು ಮಜ್ಜಿಗೆ ಕಡೆಗೋಲು. ಕಡೆಯುವುದು ಮಗುವಿನ ಕೆಲಸ. ಕೈ ಸೋತಾಗ ನೀವು ಕಡೆಯಿರಿ. ಸೀಗೆಕಾಯಿ, ಅಂಟುವಾಳದ ನೊರೆ ಚಂದವೇ, ಆದರೆ ಕಣ್ಣಿಗೆ ಬಿದ್ದರೆ ಕೂಗು ಬೀದಿಗೆ ಕೇಳುತ್ತದೆ.

ಅರಿಶಿನದ ಬಣ್ಣದಾಟ

ಆರತಿ ಎತ್ತುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುತ್ತೇವಲ್ಲ, ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಅದನ್ನೇ ಮಗುವಿಗೆ ಕೊಡಬಹುದು, ಆದರೆ ಸುಣ್ಣ ಬೇಡ. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಅಡುಗೆ ಸೋಡಾ ಅದೇ ಕೆಲಸ ಮಾಡುತ್ತದೆ.

ಒಂದು ಕಪ್ ಉಗುರು ಬೆಚ್ಚಗಿನ ನೀರಿಗೆ ಕಾಲು ಚಮಚ ಅರಿಶಿನ ಹಾಕಿ ಮೂರು ಬಟ್ಟಲಿಗೆ ಹಂಚಿ. ಒಂದನ್ನು ಹಾಗೇ ಬಿಡಿ. ಎರಡನೆಯದಕ್ಕೆ ಮಗು ಚಿಟಿಕೆ ಸೋಡಾ ಹಾಕಲಿ, ಕೆಂಪಡರುತ್ತದೆ. ಮೂರನೆಯದಕ್ಕೂ ಸೋಡಾ ಹಾಕಿ ಕೆಂಪು ಮಾಡಿ, ಆಮೇಲೆ ನಿಂಬೆಹಣ್ಣು ಹಿಂಡಲು ಹೇಳಿ. ಬುಸ್ ಅಂತ ನೊರೆ ಎದ್ದು ಮತ್ತೆ ಹಳದಿ. ಚಿಟಿಕೆ ಹಿಡಿಯುವುದು, ಹಣ್ಣು ಹಿಂಡುವುದು ಎರಡೂ ಬೆರಳಿಗೆ ಭರ್ಜರಿ ಕೆಲಸ. ಅಂಗಳದಲ್ಲಿ ಶಂಖಪುಷ್ಪ ಇದ್ದರೆ ಎಂಟು ಹತ್ತು ಹೂವನ್ನು ನೀವೇ ಬಿಸಿನೀರಲ್ಲಿ ನೆನೆಸಿಕೊಡಿ. ನೀಲಿ ನೀರಿಗೆ ನಿಂಬೆ ಬಿದ್ದರೆ ನೇರಳೆ.

ಐದು ದಾಟಿದವರಿಗೆ ಇನ್ನೊಂದು. ಬಿಳಿ ಟಿಶ್ಯೂ ಪೇಪರನ್ನು ಅರಿಶಿನದ ನೀರಿನಲ್ಲಿ ಅದ್ದಿ ಒಣಗಿಸಿಡಿ. ಇಯರ್ ಬಡ್ಡನ್ನು ಸೋಡಾ ನೀರಿಗೆ ಅದ್ದಿ ಅದರ ಮೇಲೆ ಬರೆದರೆ ಕೆಂಪು ಅಕ್ಷರ ಮೂಡುತ್ತದೆ. ತಮ್ಮ ಹೆಸರಿನ ಮೊದಲ ಅಕ್ಷರ ಬರೆಯಲು ಯಾರೂ ಒತ್ತಾಯಿಸಬೇಕಿಲ್ಲ.

ಬೆರಳಲ್ಲಿ ಬಳಿಯುವ ಬಣ್ಣ

ಅರ್ಧ ಕಪ್ ಕಾರ್ನ್‌ಫ್ಲೋರನ್ನು ಎರಡು ಕಪ್ ನೀರಿನಲ್ಲಿ ಕಲಸಿ, ಗಂಜಿಯಾಗುವವರೆಗೆ ಕಾಯಿಸಿ, ಆರಿಸಿ. ಬಟ್ಟಲುಗಳಿಗೆ ಹಾಕಿ ಬೀಟ್‌ರೂಟ್ ರಸ, ಅರಿಶಿನ, ಪಾಲಕ್ ರಸ ಬೆರೆಸಿ. ಬಸಳೆ ಹಣ್ಣು ಸಿಗುವ ಕಾಲದಲ್ಲಿ ಅದರ ನೇರಳೆಯ ಮುಂದೆ ಬೇರೆ ಬಣ್ಣ ಇಲ್ಲ. ಕಾಗದ ಬೇಕಿಲ್ಲ, ಬಚ್ಚಲಿನ ಟೈಲ್ಸ್ ಮೇಲೇ ಬಳಿಯಲಿ. ಅರಿಶಿನ ಮತ್ತು ಬಸಳೆ ಬಿಳಿ ಟೈಲ್ಸ್ ಸಂದಿಯಲ್ಲಿ ಕೂರುತ್ತವೆ, ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ.

ಮಣ್ಣು

ಮಣ್ಣಿಗೆ ಸಮನಾದ ಆಟದ ಸಾಮಾನು ಇಲ್ಲ. ಉತ್ತರ ಕರ್ನಾಟಕದ ಮಕ್ಕಳಿಗೆ ಇದಕ್ಕೊಂದು ಹಬ್ಬವೇ ಇದೆ. ಕಾರಹುಣ್ಣಿಮೆ ಕಳೆದು ಬರುವ ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತಿನ ಅಮಾವಾಸ್ಯೆ ಅಂತಾರೆ, ಅವತ್ತು ಮನೆಮನೆಯಲ್ಲಿ ಮಣ್ಣಿನ ಜೋಡೆತ್ತು ಮಾಡಿ ಪೂಜೆ. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ಗುಳ್ಳವ್ವನ ಪೂಜೆ. ಎತ್ತು ತಿದ್ದುವ ದೊಡ್ಡವರ ಪಕ್ಕ ಕೂತು ಒಂದು ಗೋದಲಿಯನ್ನೋ, ಬಾಲ ಮುರಿದ ಕರುವನ್ನೋ ಮಾಡಿದ ಮಗುವಿಗೆ ಯಾವ ಕ್ಲಾಸೂ ಬೇಕಿಲ್ಲ.

ಊರಿನವರಿಗೆ ಕೆರೆಮಣ್ಣು, ಹೊಲದ ಎರೆಮಣ್ಣು ಸಿಗುತ್ತದೆ. ಪಟ್ಟಣದವರು ಗಣೇಶ ಚೌತಿಯ ಆಸುಪಾಸು ವಿಗ್ರಹ ಮಾಡುವವರ ಹತ್ತಿರ, ಬೇರೆ ದಿನಗಳಲ್ಲಿ ಕುಂಬಾರರ ಹತ್ತಿರ ಕೇಳಬಹುದು. ಬೆಂಗಳೂರಿನಲ್ಲಾದರೆ ಪಾಟರಿ ಟೌನ್ ಇದೆ. ಬಣ್ಣ ಬೆರೆಸದ ಮಣ್ಣು ಅಂತ ಕೇಳಿ ತನ್ನಿ. ಎರಡು ಕೆಜಿ ಒಂದು ಮಗುವಿಗೆ ಧಾರಾಳ. ಒದ್ದೆ ಬಟ್ಟೆ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಬಕೆಟ್‌ನಲ್ಲಿ ಮುಚ್ಚಿಡಿ. ಒಣಗಿ ಕಲ್ಲಾದರೂ ಚಿಂತೆ ಬೇಡ, ಕುಟ್ಟಿ ರಾತ್ರಿಯಿಡೀ ನೀರಲ್ಲಿ ನೆನೆಸಿದರೆ ಮತ್ತೆ ಹದಕ್ಕೆ ಬರುತ್ತದೆ.

ಹಿತ್ತಿಲ ಮಣ್ಣಾದರೆ ಬೆಕ್ಕು ನಾಯಿ ಹೊಲಸು ಮಾಡುವ ಮೂಲೆ ಬಿಟ್ಟು ಅಗೆಯಿರಿ. ಗಾಜಿನ ಚೂರು, ಮೊಳೆ ಇದೆಯಾ ಅಂತ ಜರಡಿ ಹಿಡಿದು, ಎರಡು ದಿನ ಬಿಸಿಲಿಗೆ ಹರಡಿ. ಕೊಕ್ಕೆಹುಳು ಬರಿಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ, ಆದ್ದರಿಂದ ಹೊರಗೆ ಆಡುವಾಗ ಚಪ್ಪಲಿ ಇರಲಿ. ಉಗುರು ಕತ್ತರಿಸಿರಲಿ. ಅಂಗನವಾಡಿ, ಶಾಲೆಯಲ್ಲಿ ಕೊಡುವ ಜಂತುಹುಳದ ಮಾತ್ರೆ ತಪ್ಪಿಸಬೇಡಿ. 16ರಿಂದ 24 ತಿಂಗಳಲ್ಲಿ ಮತ್ತು 5ರಿಂದ 6 ವರ್ಷದಲ್ಲಿ ಕೊಡುವ ಡಿಪಿಟಿ ಬೂಸ್ಟರ್‌ನಲ್ಲಿ ಧನುರ್ವಾಯುವಿನ ಲಸಿಕೆಯೂ ಇದೆ, ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿಕೊಳ್ಳಿ.

ಪಕ್ಕದಲ್ಲಿ ಕೂತು ನೀವೇನು ಮಾಡಬೇಕು?

ಕಡಿಮೆ. "ಇದೇನು ಬಣ್ಣ? ಎಷ್ಟು ಉಂಡೆ ಇದೆ ಎಣಿಸು ನೋಡೋಣ" ಅಂತ ಪರೀಕ್ಷೆ ಶುರುಮಾಡಿದರೆ ಆಟ ಸತ್ತುಹೋಗುತ್ತದೆ. ನೀವೂ ಒಂದು ಹಿಡಿ ಹಿಟ್ಟು ತೆಗೆದುಕೊಂಡು ನಿಮ್ಮ ಪಾಡಿಗೆ ಹಿಸುಕಿ. "ಅಬ್ಬಾ, ಎಷ್ಟು ತಣ್ಣಗಿದೆ" ಅಂತ ನಿಮಗೆ ನೀವೇ ಹೇಳಿಕೊಳ್ಳಿ. ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಗಣೇಶ ಮಾಡು, ಚೆಂಡು ಮಾಡು ಅಂತ ಹೇಳಿಕೊಡಬೇಡಿ. ಅದು ಏನೂ ಮಾಡದೆ ಬರೀ ಚಿವುಟಿ ಚಿವುಟಿ ಹಾಕುತ್ತಿದ್ದರೂ ಅದೇ ಆಟ. ಇಷ್ಟೆಲ್ಲ ಜೋಡಿಸಿದ ಮೇಲೆ ಐದೇ ನಿಮಿಷಕ್ಕೆ "ಸಾಕು" ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಅದೂ ಮಾಮೂಲು.

ಕೆಲವು ಮಕ್ಕಳಿಗೆ ಕೈಗೆ ಏನಾದರೂ ಅಂಟಿದರೆ ಆಗುವುದೇ ಇಲ್ಲ. ಕೈ ಹಿಡಿದು ಅದ್ದಿಸಬೇಡಿ. ಒಣ ಅಕ್ಕಿಯಿಂದ ಶುರುಮಾಡಿ, ಚಮಚ ಕೊಡಿ. ಬಣ್ಣದ ಗಂಜಿಯನ್ನು ಜಿಪ್ ಕವರಿನಲ್ಲಿ ಹಾಕಿ ಗಾಳಿ ತೆಗೆದು ಸೆಲ್ಲೋ ಟೇಪ್ ಹಚ್ಚಿ, ಹೊರಗಿನಿಂದಲೇ ಒತ್ತಿ ಆಡಲಿ. ಒರೆಸಿಕೊಳ್ಳುವ ಬಟ್ಟೆ ಕೈಗೆಟುಕುವಂತಿದ್ದರೆ ಧೈರ್ಯ ಬರುತ್ತದೆ. ಆಟ ಮಾತ್ರವಲ್ಲ, ತಲೆ ತೊಳೆಯುವುದು, ಉಗುರು ಕತ್ತರಿಸುವುದು, ಅಂಗಿಯ ಲೇಬಲ್ಲು, ಅನ್ನದ ಮೆತುವು ಎಲ್ಲಕ್ಕೂ ದಿನಾ ರಂಪ ಆಗುತ್ತಿದ್ದರೆ ಮಕ್ಕಳ ಡಾಕ್ಟರಿಗೆ ಹೇಳಿ. ಅವರು ಬೇಕಿದ್ದರೆ ಇಂಥ ದಿನನಿತ್ಯದ ಕೆಲಸಗಳಿಗೆ ಮಗುವನ್ನು ಪಳಗಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಹತ್ತಿರ ಕಳಿಸುತ್ತಾರೆ.

ಎತ್ತಿಡುವುದು

ಮುಗಿಸುವ ಮುಂಚೆ ಒಂದು ಸೂಚನೆ ಕೊಡಿ. "ಇನ್ನು ಹತ್ತು ಸಲ ಸುರಿ, ಆಮೇಲೆ ತೊಳೆಯೋಣ" ಅಂದರೆ "ಇನ್ನು ಐದು ನಿಮಿಷ" ಅನ್ನುವುದಕ್ಕಿಂತ ಮಗುವಿಗೆ ಅರ್ಥವಾಗುತ್ತದೆ. ತೊಳೆಯುವುದರಲ್ಲಿ ಅದಕ್ಕೂ ಪಾಲಿರಲಿ. ಸ್ಪಂಜು, ಒಂದು ಮಗ್ ನೀರು, ಆಟದ ಲೋಟಗಳು ಕೊಟ್ಟರೆ ಇನ್ನರ್ಧ ಗಂಟೆ ಅದೇ ಇನ್ನೊಂದು ಆಟ.

ಹಿಟ್ಟಿನ ಮೇಲೆ ಬಿಸಿನೀರು ಹಾಕಬೇಡಿ, ಅಂಟಾಗಿ ಕೂರುತ್ತದೆ. ಒಣಗಲು ಬಿಟ್ಟು ಪೊರಕೆಯಲ್ಲಿ ಗುಡಿಸಿ, ಉಳಿದದ್ದನ್ನು ತಣ್ಣೀರ ಬಟ್ಟೆಯಲ್ಲಿ ಒರೆಸಿ. ಬಚ್ಚಲಲ್ಲಿ ಆಡಿದ್ದರೆ ನೀರು ಬಿಡುವ ಮುಂಚೆ ಜಾಲಿಯ ಮೇಲೆ ಒಂದು ತೆಳು ಬಟ್ಟೆ ಹಾಸಿ, ಅಕ್ಕಿ, ಸಬ್ಬಕ್ಕಿ, ಎಲೆ ಎಲ್ಲ ಅಲ್ಲೇ ನಿಲ್ಲುತ್ತದೆ. ಮಣ್ಣಿನ ಕೈಯನ್ನು ಬಕೆಟ್‌ನಲ್ಲಿ ತೊಳೆಸಿ. ತಳದಲ್ಲಿ ಮಣ್ಣು ಕೂತ ಮೇಲೆ ತಿಳಿನೀರು ಗಿಡಕ್ಕೆ, ಉಳಿದ ಕೆಸರು ಮತ್ತೆ ಮಣ್ಣಿನ ಬಕೆಟ್‌ಗೆ. ಫ್ಲೆಕ್ಸ್ ಒದರಿ ಒಣಗಿಸಿ ಸುರುಳಿ ಸುತ್ತಿಡಿ. ಹಿಟ್ಟಿನ ಕಣ ಉಳಿದರೆ ಬೆಳಗಾಗುವುದರೊಳಗೆ ಇರುವೆ ಸಾಲು ಬಂದಿರುತ್ತದೆ.

ಅರಿಶಿನ ಹತ್ತಿದ ಬಟ್ಟೆಗೆ ಸೋಪು ಹಾಕಿದ ಕೂಡಲೇ ಕಲೆ ಕೆಂಪಾಗುತ್ತದೆ. ಗಾಬರಿಯಾಗಬೇಡಿ, ಸೋಡಾ ಮಾಡಿದ ಕೆಲಸವನ್ನೇ ಸೋಪೂ ಮಾಡುತ್ತಿದೆ, ಜಾಲಿಸಿದರೆ ಮತ್ತೆ ಹಳದಿಗೆ ಬರುತ್ತದೆ. ಉಳಿದ ಹಳದಿಗೆ ಯಾವ ಪುಡಿಯೂ ಬೇಡ. ಒದ್ದೆ ಇರುವಾಗಲೇ ಕಲೆ ಮೇಲಾಗಿ ಸುಡು ಬಿಸಿಲಿಗೆ ಹರವಿ. ಒಂದು ದಿನಕ್ಕೆ ಹೋಗದಿದ್ದರೆ ಇನ್ನೊಂದು ದಿನ ಹರವಿ.